ಬಬಲ್ ತುಂಬಿದ್ದು ಯಾರ ಕೈ? ಪೆನ್ಸಿಲ್ ಗೆರೆಯಿಂದ ಒಎಂಆರ್ ಶೀಟಿನವರೆಗೆ ಒಂದು ಕಳ್ಳಾಟದ ಚರಿತ್ರೆ

ಇವತ್ತು ಒಂದು ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿ ಬರೆದ 8.7 ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಒಬ್ಬೇ ಒಬ್ಬರು ಫೇಲ್ ಆದ ವರ್ಷ ಯಾವುದು?

ಕೇಳ್ತಿರೋರಲ್ಲಿ ಎಷ್ಟೋ ಜನಕ್ಕೆ ಉತ್ತರ ಬಾಯಲ್ಲೇ ಇರುತ್ತೆ, ಯಾಕಂದ್ರೆ ಅದು ನಿಮ್ಮದೇ ಬ್ಯಾಚ್. 2021. ಕೊರೊನಾ ಕಾಲ. ಆರು ವಿಷಯಗಳ ಪರೀಕ್ಷೆಯನ್ನು ಎರಡೇ ದಿನಕ್ಕೆ ಇಳಿಸಿದ್ರು, ಜುಲೈ 19 ಮತ್ತು 22. ವಿಷಯಕ್ಕೆ 40 ಪ್ರಶ್ನೆ, ಎಲ್ಲವೂ ಬಹುಆಯ್ಕೆ, ಉತ್ತರ ಒಎಂಆರ್ ಶೀಟಿನಲ್ಲಿ. ಪರೀಕ್ಷೆಗೆ ಹಾಜರಾದ ಯಾರನ್ನೂ ಫೇಲ್ ಮಾಡೋದಿಲ್ಲ ಅಂತ ಸರ್ಕಾರ ಮೊದಲೇ ಹೇಳಿತ್ತು. ಆಗಸ್ಟ್ 9ಕ್ಕೆ ಫಲಿತಾಂಶ ಬಂತು. ಹಾಗಿದ್ದೂ ಒಬ್ಬರು ಫೇಲ್. ಕಾರಣ, ಅವರ ಜಾಗದಲ್ಲಿ ಬೇರೆ ಯಾರೋ ಕೂತು ಪರೀಕ್ಷೆ ಬರೆದಿದ್ದರು.

ಇದನ್ನ ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ. ಸುಮ್ನೆ ಬಂದು ಕೂತು, ಕಣ್ಮುಚ್ಚಿಕೊಂಡು ಶೇಡ್ ಮಾಡಿದ್ರೂ ಪಾಸಾಗುತ್ತಿದ್ದ ಪರೀಕ್ಷೆ ಅದು. ಇನ್ನೊಂದು ವಿಷಯ, ಆ ಶೀಟನ್ನು ಓದೋ ಯಂತ್ರಕ್ಕೆ ಅದರಲ್ಲಿ ಯಾವ ತಪ್ಪೂ ಕಾಣೋಕೆ ಸಾಧ್ಯ ಇರಲಿಲ್ಲ. ಬಬಲ್ ಕಪ್ಪಗಿದೆಯಾ, ಇಲ್ವಾ? ಅದು ನೋಡೋದು ಅಷ್ಟನ್ನೇ. ಆ ಬಬಲ್ ತುಂಬಿದ್ದು ಯಾರ ಕೈ ಅನ್ನೋದು ಯಂತ್ರಕ್ಕೆ ಗೊತ್ತಾಗಲ್ಲ. ಹಿಡಿದಿದ್ದು ಮನುಷ್ಯರು.

ಬಹುಆಯ್ಕೆ ಪರೀಕ್ಷೆಗಳಲ್ಲಿ ಕಾಪಿ ಹೊಡೆಯೋ ಚರಿತ್ರೆ ಅಂತ ನಾನು ಓದಿಕೊಳ್ಳೋಕೆ ಕೂತಾಗ, ತಮಾಷೆ ಕಥೆಗಳು ಸಿಗ್ತವೆ ಅಂದ್ಕೊಂಡಿದ್ದೆ. ಸಿಕ್ಕವು ಕೂಡ. ಆದರೆ ಹೋಗ್ತಾ ಹೋಗ್ತಾ ಅದೇ ಪ್ರಶ್ನೆ ಮತ್ತೆ ಮತ್ತೆ ಎದುರಾಯ್ತು, ಯಾರ ಕೈ?

ಈ ಥರದ ಪರೀಕ್ಷೆ ಹುಟ್ಟಿದ್ದು ಅಮೆರಿಕದಲ್ಲಿ. 1914-15ರ ಹೊತ್ತಿಗೆ ಕಾನ್ಸಸ್ ರಾಜ್ಯದಲ್ಲಿ ಫ್ರೆಡರಿಕ್ ಕೆಲ್ಲಿ ಎಂಬ ಶಿಕ್ಷಣ ತಜ್ಞ ಮಕ್ಕಳ ಓದುವ ಸಾಮರ್ಥ್ಯ ಅಳೆಯೋಕೆ ಒಂದು ಪರೀಕ್ಷೆ ಮಾಡಿದ. ಉತ್ತರ ಬರೆಯೋ ಹಾಗಿಲ್ಲ, ಕೊಟ್ಟಿದ್ದರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಅವನ ತಲೆನೋವು ನಮ್ಮ ಮೇಷ್ಟ್ರುಗಳ ತಲೆನೋವೇ. ಒಂದೇ ಉತ್ತರಪತ್ರಿಕೆಗೆ ಒಬ್ಬರು ಎಂಟು ಹಾಕಿದ್ರೆ ಇನ್ನೊಬ್ಬರು ಐದು ಹಾಕ್ತಾರೆ, ಮೇಲಾಗಿ ತಿದ್ದೋಕೆ ವಾರಗಟ್ಟಲೆ ಬೇಕು. ಇದಾಗಿ ಎರಡು-ಮೂರು ವರ್ಷಕ್ಕೆ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಸೇನೆಗೆ ಸೇರಿದ ಸುಮಾರು 17 ಲಕ್ಷ ಜನಕ್ಕೆ ಅಮೆರಿಕ ಇದೇ ಮಾದರಿಯ ಬುದ್ಧಿಪರೀಕ್ಷೆ ಮಾಡಿತು. ತಿದ್ದೋದು ಹೇಗೆ? ಸರಿಯುತ್ತರ ಇರೋ ಜಾಗಕ್ಕೆ ಸರಿಯಾಗಿ ಹೊಂದುವ ಒಂದು ಅಚ್ಚನ್ನು ಹಾಳೆಯ ಮೇಲಿಟ್ಟು ಎಣಿಸೋದು. ಓದು ಬರಹ ಬಲ್ಲ ಯಾರು ಬೇಕಾದ್ರೂ ತಿದ್ದಬಹುದು. ಯುದ್ಧ ಮುಗಿದ ಮೇಲೆ ಈ ಪದ್ಧತಿ ಶಾಲೆ ಕಾಲೇಜುಗಳಿಗೆ ನುಗ್ಗಿತು.

ಆದರೆ ತಿದ್ದೋ ಕೆಲಸ ಇನ್ನೂ ಕೈಯದೇ. ಅದನ್ನ ಯಂತ್ರಕ್ಕೆ ಒಪ್ಪಿಸಿದ ಮನುಷ್ಯನ ಕಥೆ ನನಗೆ ಬಹಳ ಇಷ್ಟ.

ಅವನ ಹೆಸರು ರೆನಾಲ್ಡ್ ಜಾನ್ಸನ್. ಮಿಷಿಗನ್ ರಾಜ್ಯದ ಐರನ್‌ವುಡ್ ಎಂಬ ಊರಿನಲ್ಲಿ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ಹುಡುಗನಾಗಿದ್ದಾಗ ಶುದ್ಧ ತರಲೆ. ಅಕ್ಕಂದಿರನ್ನು ನೋಡೋಕೆ ಅಂತ ಹುಡುಗರು ಕಾರಿನಲ್ಲಿ ಮನೆ ಹತ್ತಿರ ಬರ್ತಿದ್ರಲ್ಲ, ಇವನು ಮೆಲ್ಲಗೆ ಹೋಗಿ ಆ ಕಾರುಗಳ ಸ್ಪಾರ್ಕ್ ಪ್ಲಗ್ ಮೇಲೆ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದು ಬರ್ತಿದ್ದ. ಅಷ್ಟೇ. ಆಮೇಲೆ ಕಾರು ಸ್ಟಾರ್ಟ್ ಆಗ್ತಾನೇ ಇರಲಿಲ್ಲ! ಪೆನ್ಸಿಲ್ ಕಡ್ಡಿಯೊಳಗಿರೋದು ಗ್ರಾಫೈಟ್, ಅದರಲ್ಲಿ ಕರೆಂಟ್ ಹರಿಯುತ್ತೆ. ಪ್ಲಗ್‌ನ ಬಿಳಿ ಪಿಂಗಾಣಿ ಭಾಗ ಕರೆಂಟನ್ನು ತಡೆಯೋಕೆ ಇರೋದು. ಅದರ ಮೇಲೆ ಪೆನ್ಸಿಲ್ ಗೆರೆ ಎಳೆದರೆ ಕರೆಂಟಿಗೆ ಒಂದು ಕಳ್ಳದಾರಿ ಸಿಕ್ಕಿದ ಹಾಗೆ. ಕಿಡಿ ಹೊತ್ತಬೇಕಾದ ಜಾಗಕ್ಕೆ ಹೋಗದೆ ಹೊರಗಿಂದಲೇ ಹರಿದುಹೋಗುತ್ತೆ.

ದೊಡ್ಡವನಾಗಿ ರಾಶಿ ರಾಶಿ ಉತ್ತರಪತ್ರಿಕೆ ತಿದ್ದೋ ಹೊತ್ತಿಗೆ ಈ ತರಲೆ ನೆನಪಾಯ್ತು. ಹಾಳೆಯ ಮೇಲೆ ಪೆನ್ಸಿಲ್ ಗುರುತು ಇದ್ದ ಕಡೆ ಮಾತ್ರ ಕರೆಂಟ್ ಹರಿಯುತ್ತೆ. ಸರಿಯುತ್ತರದ ಜಾಗಗಳಲ್ಲಿ ಹರಿದ ಕರೆಂಟನ್ನೆಲ್ಲ ಒಟ್ಟು ಸೇರಿಸಿ ಅಳೆದರೆ, ಅದೇ ಮಾರ್ಕ್ಸ್. 1934ರಲ್ಲಿ ಐಬಿಎಂ ಕಂಪನಿ ಅವನನ್ನು ಕೆಲಸಕ್ಕೆ ತಗೊಂಡಿತು. 1938ರ ಹೊತ್ತಿಗೆ ಐಬಿಎಂ 805 ಎಂಬ ಯಂತ್ರ ಮಾರುಕಟ್ಟೆಗೆ ಬಂತು. ಒಂದು ಹಾಳೆಯಲ್ಲಿ 150 ಪ್ರಶ್ನೆ, ಪ್ರಶ್ನೆಗೆ ಐದರಂತೆ 750 ಜಾಗ. ಹಾಳೆ ಒಳಗೆ ತೂರಿಸಿದರೆ ಡಯಲ್ ಮೇಲಿನ ಮುಳ್ಳು ಓಡಿ ಮಾರ್ಕ್ಸ್ ಮುಂದೆ ನಿಲ್ಲುತ್ತೆ, ಆಪರೇಟರ್ ಬರೆದುಕೊಳ್ತಾನೆ. ಪಳಗಿದ ಕೈಯಾದರೆ ಗಂಟೆಗೆ ಸುಮಾರು 800 ಹಾಳೆ.

ಇದೇ ಜಾನ್ಸನ್ ಮುಂದೆ ಐಬಿಎಂನಲ್ಲಿ ಮೊದಲ ಹಾರ್ಡ್ ಡಿಸ್ಕ್ ಮಾಡಿದ ತಂಡದ ಮುಖ್ಯಸ್ಥ. 1956ರಲ್ಲಿ. 50 ದೊಡ್ಡ ತಟ್ಟೆಗಳು, ಎಲ್ಲ ಸೇರಿ ಸುಮಾರು 5 ಎಂಬಿ. ನಿಮ್ಮ ಫೋನಲ್ಲಿ ತೆಗೆದ ಒಂದು ಫೋಟೊ ಅಲ್ಲಿಗೆ ಫುಲ್. ಇದು ವಿಷಯಕ್ಕೆ ಸಂಬಂಧ ಇಲ್ಲ, ಹೇಳದೆ ಇರೋಕಾಗಲಿಲ್ಲ.

ಸರಿ, ಯಂತ್ರ ಬಂತು. ಅದರ ಹಿಂದೆಯೇ ಅದಕ್ಕೆ ಟೋಪಿ ಹಾಕೋ ಐಡಿಯಾಗಳೂ. ಮೊದಲು ತಲೆಗೆ ಬರೋದು ಯಾವುದು ಹೇಳಿ? ಎಲ್ಲ ಆಯ್ಕೆಗಳಿಗೂ ಗುರುತು ಹಾಕೋದು! ಸರಿಯುತ್ತರದ ಜಾಗದಲ್ಲಿ ಹೇಗೂ ಗುರುತು ಇದ್ದೇ ಇರುತ್ತಲ್ಲ. ಅಚ್ಚಿಟ್ಟು ತಿದ್ದೋ ಕಾಲದಲ್ಲಿ ಗುಮಾಸ್ತ ನಿದ್ದೆಗಣ್ಣಲ್ಲಿದ್ದಿದ್ರೆ ಇದು ನಡೆದುಬಿಡ್ತಿತ್ತೇನೋ. 805 ಮಾತ್ರ ಸರಿ ಜಾಗದ ಕರೆಂಟನ್ನೂ ತಪ್ಪು ಜಾಗದ ಕರೆಂಟನ್ನೂ ಬೇರೆ ಬೇರೆ ಅಳೆಯುತ್ತಿತ್ತು, ಒಂದರಲ್ಲಿ ಇನ್ನೊಂದನ್ನು ಕಳೆದು ತೋರಿಸುತ್ತಿತ್ತು. ಹಾಗಾದ್ರೆ ಗುರುತನ್ನು ದಪ್ಪಗೆ, ಕಡುಗಪ್ಪಾಗಿ ತಿಕ್ಕಿದ್ರೆ ಜಾಸ್ತಿ ಕರೆಂಟ್ ಹರಿದು ಜಾಸ್ತಿ ಮಾರ್ಕ್ಸ್ ಬರುತ್ತಾ? ಅದಕ್ಕೂ ಉತ್ತರ ಮೊದಲೇ ರೆಡಿ ಇತ್ತು. ಪ್ರತಿ ಗುರುತಿನ ದಾರಿಯಲ್ಲೂ ಒಂದು ದೊಡ್ಡ ರೆಸಿಸ್ಟರ್ ಕೂರಿಸಿದ್ದರು. ಗೆರೆ ತೆಳ್ಳಗಿರಲಿ, ದಪ್ಪಗಿರಲಿ, ಹರಿಯೋ ಕರೆಂಟು ಹೆಚ್ಚುಕಮ್ಮಿ ಒಂದೇ.

1950ರ ದಶಕದಲ್ಲಿ ಅಯೋವಾದ ಪ್ರೊಫೆಸರ್ ಲಿಂಡ್‌ಕ್ವಿಸ್ಟ್ ಕರೆಂಟನ್ನು ಬಿಟ್ಟು ಬೆಳಕಿನಿಂದ ಓದೋ ಯಂತ್ರ ಮಾಡಿದ. ಈಗಿನ ಒಎಂಆರ್ ಅದರದ್ದೇ ವಂಶ. ಬೆಳಕು ಹಾಯಿಸಿ, ಎಲ್ಲಿ ಕಪ್ಪಗಿದೆ ಅಂತ ನೋಡೋದು. ಶೀಟಿನ ಅಂಚಲ್ಲಿ ಸಾಲಾಗಿ ಸಣ್ಣ ಕಪ್ಪು ಪಟ್ಟಿಗಳಿರ್ತಾವಲ್ಲ, ಈಗ ಯಾವ ಸಾಲು ಓದ್ತಿದ್ದೀನಿ ಅಂತ ಯಂತ್ರ ತಿಳ್ಕೊಳ್ಳೋದು ಅದರಿಂದಲೇ. ಅದರ ಮೇಲೆ ಗೀಚಬೇಡಿ ಅಂತ ಹಾಲ್‌ನಲ್ಲಿ ಕೂಗಿ ಹೇಳೋದು ಸುಮ್ನೆ ಅಲ್ಲ.

1972ರಲ್ಲಿ ಅಮೆರಿಕದಲ್ಲಿ ಸ್ಕ್ಯಾಂಟ್ರಾನ್ ಎಂಬ ಕಂಪನಿ ಶುರುವಾಗಿ, ಮೇಜಿನ ಮೇಲಿಡೋ ಸಣ್ಣ ಯಂತ್ರಗಳನ್ನು ಶಾಲೆಶಾಲೆಗೂ ತಲುಪಿಸಿತು. ತಪ್ಪು ಉತ್ತರ ಸಿಕ್ಕ ಕಡೆ ಟಕ್ ಅಂತ ಸದ್ದು ಮಾಡಿ ಒಂದು ಗುರುತು ಮುದ್ರಿಸ್ತಿತ್ತು. ಟಕ್ ಟಕ್ ಟಕ್ ಅಂದ್ರೆ ಯಾರದೋ ಕಥೆ ಮುಗೀತು ಅಂತ ಇಡೀ ಕ್ಲಾಸಿಗೆ ಗೊತ್ತು. ಅಲ್ಲಿನ ಮಕ್ಕಳಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟಿಬಂದ ಒಂದು ನಂಬಿಕೆ ಇದೆ. ಶೀಟಿನ ಮೇಲೆ ಲಿಪ್ ಬಾಮ್ ಸವರಿದರೆ ಯಂತ್ರ ಎಲ್ಲ ಉತ್ತರವನ್ನೂ ಸರಿ ಅಂತ ಓದುತ್ತಂತೆ. ಅಂಥದ್ದೇನೂ ಆಗಲ್ಲ. ಮೇಣ ಮೆತ್ತಿದ ಹಾಳೆ ಯಂತ್ರದಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ಇಲ್ಲಾಂದ್ರೆ ಮೇಷ್ಟ್ರ ಕೈಗೆ ಜಿಡ್ಡು ಅಂಟುತ್ತೆ. ಆದ್ರೂ ನಂಬಿಕೆ ಸತ್ತಿಲ್ಲ.

ನಗಬೇಡಿ, ನಮ್ಮಲ್ಲೂ ಇದ್ದವು. ನಮ್ಮ ಪಿಯು ಹಾಸ್ಟೆಲಿನಲ್ಲಿ ಕ್ಯಾಂಡಲ್ ಸವರೋ ಸಿದ್ಧಾಂತ ಒಂದಿತ್ತು. ಇನ್ನೊಂದು ಸಿದ್ಧಾಂತ ನನ್ನದೇ, ಒಪ್ಪಿಕೊಂಡುಬಿಡ್ತೀನಿ. ಎರಡು ಆಯ್ಕೆಗಳ ನಡುವೆ ಅನುಮಾನ ಬಂದ್ರೆ ಒಂದನ್ನು ಗಾಢವಾಗಿ, ಇನ್ನೊಂದನ್ನು ತೆಳ್ಳಗೆ ಶೇಡ್ ಮಾಡೋದು. ಯಂತ್ರ ಗೊಂದಲಕ್ಕೆ ಬಿದ್ದು ಎರಡನ್ನೂ ಒಪ್ಪಿಕೊಳ್ಳುತ್ತೆ ಅನ್ನೋದು ನನ್ನ ಲೆಕ್ಕ. ಒಂದು ಮಾಕ್ ಟೆಸ್ಟಿನಲ್ಲಿ ಹತ್ತು ಪ್ರಶ್ನೆಗಳ ಮೇಲೆ ಪ್ರಯೋಗ ಮಾಡಿದೆ. ಆರಕ್ಕೆ ಸೊನ್ನೆ ಬಂತು, ಎರಡು ಗುರುತು ಇದೆ ಅಂತ. ಉಳಿದ ನಾಲ್ಕರಲ್ಲಿ ತೆಳ್ಳಗಿದ್ದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ, ಗಾಢವಾದದ್ದನ್ನಷ್ಟೇ ಓದಿತ್ತು. ಅಂದ್ರೆ ಯಾವ ದಾರಿಯಲ್ಲೂ ಲಾಭ ಇಲ್ಲ. ಆಫೀಸಿನಲ್ಲಿ ಸ್ಕ್ಯಾನರ್ ನೋಡಿಕೊಳ್ತಿದ್ದ ಅಣ್ಣನ ಹತ್ತಿರ ಹೋಗಿ, ಯಾಕಣ್ಣ ಹೀಗಾಯ್ತು ಅಂತ ಮುಗ್ಧನ ಥರ ಕೇಳಿದೆ. ಅವನು ಶೀಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇದಕ್ಕೆ ನಿನ್ನ ಮುಖ ಕಾಣಲ್ಲ ಕಣೋ, ಮಸಿ ಮಾತ್ರ ಕಾಣುತ್ತೆ" ಅಂದ.

ಆ ಮಾತು ಆಗ ಬೈಗುಳದ ಥರ ಕೇಳಿಸಿತ್ತು. ಈಗ ಅನ್ನಿಸುತ್ತೆ, ಇಡೀ ಚರಿತ್ರೆಯನ್ನ ಅವನು ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದ. ಮಸಿಯ ವಿಷಯದಲ್ಲಿ ಯಂತ್ರಕ್ಕೆ ಮೋಸ ಮಾಡೋದು ಭಾರಿ ಕಷ್ಟ. ಮುಖದ ವಿಷಯದಲ್ಲಿ ಮೋಸ ಮಾಡಬೇಕಾಗಿಯೇ ಇಲ್ಲ, ಅದಕ್ಕೆ ಕಾಣೋದೇ ಇಲ್ಲವಲ್ಲ. ನಿಜವಾದ ಕಳ್ಳರು ಇದನ್ನ ಬೇಗ ಅರ್ಥ ಮಾಡ್ಕೊಂಡರು.

ಇನ್ನೊಂದು ವಿಷಯವನ್ನೂ ಅರ್ಥ ಮಾಡ್ಕೊಂಡರು. ಪ್ರಬಂಧದ ಪರೀಕ್ಷೆಯಲ್ಲಿ ಕಾಪಿ ಹೊಡೀಬೇಕಾದ್ರೆ ಪುಟಗಟ್ಟಲೆ ಚೀಟಿ ಬೇಕು. ತೋಳಲ್ಲಿ, ಕಾಲ್ಚೀಲದಲ್ಲಿ, ಕಂಪಾಸ್ ಬಾಕ್ಸಿನಲ್ಲಿ ಮುಚ್ಚಿಡಬೇಕು. ಬಹುಆಯ್ಕೆಯಲ್ಲಿ? ಒಂದು ಪ್ರಶ್ನೆಯ ಉತ್ತರ ಅಂದ್ರೆ ಒಂದೇ ಅಕ್ಷರ. ಎ, ಬಿ, ಸಿ, ಡಿ. ನಾಲ್ಕು ಸಲ ಕೆಮ್ಮಿದ್ರೆ ಸಾಕು, ಬೆರಳು ತೋರಿಸಿದ್ರೆ ಸಾಕು. ಸಿಇಟಿಯ ಒಂದು ವಿಷಯದ 60 ಉತ್ತರ ಅಂದ್ರೆ 60 ಅಕ್ಷರ. ಹಳೇ ಕಾಲದ ಎಸ್‌ಎಂಎಸ್‌ಗೆ 160 ಅಕ್ಷರದ ಮಿತಿ ಇತ್ತಲ್ಲ, 180 ಪ್ರಶ್ನೆಗಳ ಮೆಡಿಕಲ್ ಪ್ರವೇಶ ಪರೀಕ್ಷೆಯ ಪೂರ್ತಿ ಉತ್ತರ ಎರಡು ಎಸ್‌ಎಂಎಸ್‌ಗಳಲ್ಲಿ ಮುಗಿಯುತ್ತೆ. ಎರಡು ವರ್ಷದ ಓದು, ಲಕ್ಷಗಟ್ಟಲೆ ಫೀಸು, ಅಪ್ಪ ಅಮ್ಮನ ನಿದ್ದೆ, ಎಲ್ಲ ಎರಡು ಎಸ್‌ಎಂಎಸ್! ಯಂತ್ರಕ್ಕೆ ಓದೋಕೆ ಸುಲಭವಾಗಲಿ ಅಂತ ಉತ್ತರವನ್ನ ಇಷ್ಟು ಚಿಕ್ಕದು ಮಾಡಿದ್ವಿ, ಸಾಗಿಸೋಕೂ ಅಷ್ಟೇ ಸುಲಭವಾಯ್ತು.

ಎಷ್ಟು ಸುಲಭ ಅಂದ್ರೆ, ಒಂದು ಪೆನ್ಸಿಲ್ ಮೇಲೆ ಹಿಡಿಸೋ ಅಷ್ಟು.

1996ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಒಂದು ಜಾಲ ಸಿಕ್ಕಿಬಿತ್ತು. ಜಿಆರ್‌ಇ, ಜಿಮ್ಯಾಟ್, ಟೋಫೆಲ್‌ನಂಥ ಪರೀಕ್ಷೆಗಳನ್ನು ಆಗ ದೇಶದ ಬೇರೆ ಬೇರೆ ಕಡೆ ಅಲ್ಲಲ್ಲಿಯ ಬೆಳಗಿನ ಹೊತ್ತಿಗೆ ಶುರು ಮಾಡ್ತಿದ್ರು. ನ್ಯೂಯಾರ್ಕಿನಲ್ಲಿ ಬೆಳಗಾಗಿ ಮೂರು ಗಂಟೆ ಕಳೆದ ಮೇಲೆ ಲಾಸ್ ಏಂಜಲೀಸ್‌ನಲ್ಲಿ ಬೆಳಗು. ಜಾಲದವರು ಚೆನ್ನಾಗಿ ಓದಿಕೊಂಡವರನ್ನು ನ್ಯೂಯಾರ್ಕಿನಲ್ಲಿ ಪರೀಕ್ಷೆಗೆ ಕೂರಿಸಿದ್ರು. ಅವರು ಹೊರಗೆ ಬಂದು ಲಾಸ್ ಏಂಜಲೀಸ್‌ಗೆ ಫೋನ್ ಮಾಡಿ ಉತ್ತರ ಹೇಳ್ತಿದ್ರು. ಅಲ್ಲಿ ಕೂತವರು ಆ ಉತ್ತರಗಳನ್ನು ಸಂಕೇತದ ರೂಪದಲ್ಲಿ ಪೆನ್ಸಿಲ್‌ಗಳ ಮೇಲೆ ಮೂಡಿಸಿ ಗಿರಾಕಿಗಳ ಕೈಗೆ ಕೊಡ್ತಿದ್ರು. ಫೀಸು ಸುಮಾರು 6,000 ಡಾಲರ್. ಪರೀಕ್ಷೆಗೆ ಪೆನ್ಸಿಲ್ ತರಲೇಬೇಕು, ಅದೇ ನಿಯಮ. ಯಾವ ಮೇಲ್ವಿಚಾರಕ ತಾನೇ ಪೆನ್ಸಿಲ್ ನೋಡಿ ಅನುಮಾನ ಪಡ್ತಾನೆ?

ಇಲ್ಲಿ ಯಂತ್ರಕ್ಕೆ ಯಾರೂ ಏನೂ ಮಾಡಲಿಲ್ಲ, ಗಮನಿಸಿ. ಗಿರಾಕಿಗಳು ತಮ್ಮದೇ ಕೈಯಲ್ಲಿ ಚಂದವಾಗಿ ಬಬಲ್ ತುಂಬಿದ್ರು. ಮೋಸ ಹೋಗಿದ್ದು ಗಡಿಯಾರ. ಈಗ ನೀಟ್‌ಗೆ ಹೋದ್ರೆ ಪೆನ್ನನ್ನೂ ಪರೀಕ್ಷಾ ಕೇಂದ್ರದಲ್ಲೇ ಕೊಡ್ತಾರೆ, ನಿಮ್ಮದನ್ನು ತರೋ ಹಾಗಿಲ್ಲ. ಮೊದಲ ಸಲ ಕೇಳಿದಾಗ ನನಗೆ ಅತಿ ಅನ್ನಿಸಿತ್ತು. ಈ ಪೆನ್ಸಿಲ್ ಕಥೆ ಓದಿದ ಮೇಲೆ ಹಾಗನ್ನಿಸಲಿಲ್ಲ.

ಪಕ್ಕದವರ ಶೀಟಿಗೆ ಇಣುಕೋದು ಇದೆಯಲ್ಲ, ಅದು ಬಡವರ ವಿಧಾನ. ಅದನ್ನ ತಡೆಯೋಕೆ ಸಿಇಟಿಯಲ್ಲಿ ಬೇರೆ ಬೇರೆ ವರ್ಷನ್ ಕೋಡ್‌ನ ಪ್ರಶ್ನೆಪತ್ರಿಕೆ ಕೊಡ್ತಾರೆ, ಪ್ರಶ್ನೆಗಳು ಹಿಂದುಮುಂದಾಗಿರ್ತವೆ. 2019ರಲ್ಲಿ ಹಾವೇರಿಯ ಒಂದು ಪಿಯು ಕಾಲೇಜಿನಲ್ಲಿ ಮಕ್ಕಳ ತಲೆಗೆ ರಟ್ಟಿನ ಡಬ್ಬ ಹಾಕಿಸಿ ಪರೀಕ್ಷೆ ಬರೆಸಿದ ಫೋಟೊ ದೇಶ ಪೂರ್ತಿ ಓಡಾಡಿತು, ನೆನಪಿದೆಯಾ? ಅದಕ್ಕಿಂತ ವರ್ಷನ್ ಕೋಡ್ ವಾಸಿ.

ಇಣುಕಿದ್ದನ್ನು ಆಮೇಲೆ ಹಿಡಿಯೋಕೂ ಒಂದು ವಿಧಾನ ಇದೆ, ಅದಕ್ಕೆ ಸುಮಾರು ನೂರು ವರ್ಷ. 1927ರಲ್ಲಿ ಚಾರ್ಲ್ಸ್ ಬರ್ಡ್ ಎಂಬ ಮನಶ್ಶಾಸ್ತ್ರಜ್ಞ ಇದರ ಬಗ್ಗೆ ಬರೆದ. ತತ್ವ ಸರಳ. ಇಬ್ಬರ ಸರಿಯುತ್ತರಗಳು ಒಂದೇ ಆಗಿದ್ರೆ ಅದು ದೊಡ್ಡ ವಿಷಯ ಅಲ್ಲ, ಇಬ್ಬರೂ ಓದಿರಬಹುದು. ಆದರೆ ಇಬ್ಬರ ತಪ್ಪುಗಳೂ ಒಂದೇ ಆಗಿದ್ರೆ? ಸರಿಯುತ್ತರಕ್ಕೆ ದಾರಿ ಒಂದೇ, ತಪ್ಪೋಕೆ ಸಾವಿರ ದಾರಿ. ಸಾವಿರ ದಾರಿಯಲ್ಲಿ ಇಬ್ಬರೂ ಪ್ರತಿಸಲವೂ ಒಂದೇ ಗಲ್ಲಿಗೆ ತಿರುಗಿದ್ರೆ ಅನುಮಾನ ಬರುತ್ತೆ. ಇದನ್ನು ಲೆಕ್ಕ ಹಾಕೋಕೆ ಯಂತ್ರಕ್ಕಿಂತ ಒಳ್ಳೇ ಗುಮಾಸ್ತ ಇಲ್ಲ.

ಅನುಮಾನ ಬರುತ್ತೆ ಅಂದೆ. ಸಾಬೀತಾಗುತ್ತೆ ಅನ್ನಲಿಲ್ಲ. ಇಲ್ಲಿ ಒಂದು ಕಥೆ ಹೇಳಲೇಬೇಕು.

ಲಾಸ್ ಏಂಜಲೀಸ್‌ನ ಪೂರ್ವ ಭಾಗದಲ್ಲಿ ಗಾರ್ಫೀಲ್ಡ್ ಹೈಸ್ಕೂಲ್ ಅಂತ ಇದೆ. ಅಲ್ಲಿಯ ಮಕ್ಕಳಲ್ಲಿ ಬಹುಪಾಲು ಮೆಕ್ಸಿಕನ್ ಮೂಲದ ಬಡ ಕುಟುಂಬಗಳವರು. ಗಣಿತದ ಮೇಷ್ಟ್ರು ಹೈಮೆ ಎಸ್ಕಲಾಂಟೆ, ಬೊಲಿವಿಯಾ ದೇಶದಿಂದ ವಲಸೆ ಬಂದವರು. 1982ರಲ್ಲಿ ಅವರ 18 ವಿದ್ಯಾರ್ಥಿಗಳು ಎಪಿ ಕ್ಯಾಲ್ಕ್ಯುಲಸ್ ಪರೀಕ್ಷೆ ಬರೆದ್ರು. ಕಾಲೇಜು ಮಟ್ಟದ ಗಣಿತ, ಬಹುಆಯ್ಕೆಯ ಜೊತೆಗೆ ಕೈಯಲ್ಲಿ ಬಿಡಿಸೋ ಲೆಕ್ಕಗಳೂ ಇರುವ ಕಷ್ಟದ ಪರೀಕ್ಷೆ. 18 ಜನರೂ ಪಾಸ್. ಊರಿಗೆ ಊರೇ ಖುಷಿ. ಅಷ್ಟರಲ್ಲಿ ಪರೀಕ್ಷೆ ನಡೆಸಿದ ಇಟಿಎಸ್ ಸಂಸ್ಥೆಯಿಂದ 14 ಜನಕ್ಕೆ ಪತ್ರ ಬಂತು. ನಿಮ್ಮ ತಪ್ಪುಗಳು ಒಂದಕ್ಕೊಂದು ಬಹಳ ಹೋಲುತ್ತಿವೆ, ಮತ್ತೆ ಬರೆಯಬೇಕು ಅಂತ.

ಒಂದೇ ಮೇಷ್ಟ್ರ ಹತ್ತಿರ, ಒಂದೇ ರೀತಿ, ಒಂದೇ ಕೋಣೆಯಲ್ಲಿ ಕಲಿತವರ ತಪ್ಪುಗಳು ಒಂದೇ ಥರ ಇರಲ್ವಾ? ಇರಬಹುದು. ಇದೇ ಉತ್ತರಗಳು ಶ್ರೀಮಂತರ ಬಡಾವಣೆಯ ಶಾಲೆಯಿಂದ ಬಂದಿದ್ರೆ ಇಷ್ಟೇ ಅನುಮಾನ ಬರ್ತಿತ್ತಾ ಅಂತ ಆ ಮಕ್ಕಳ ಕಡೆಯವರು ಕೇಳಿದ್ರು. 14ರಲ್ಲಿ 12 ಜನ ಮತ್ತೆ ಬರೆಯೋಕೆ ಒಪ್ಪಿದ್ರು. ಬೇಸಿಗೆ ರಜೆ ಕಳೆದಿತ್ತು, ಓದಿದ್ದು ಮರೆಯೋ ಹೊತ್ತು, ತಯಾರಿಗೆ ಸಿಕ್ಕಿದ್ದು ಕೆಲವೇ ದಿನ. ಕಾವಲಿನಲ್ಲಿ ಕೂರಿಸಿ ಹೊಸ ಪ್ರಶ್ನೆಪತ್ರಿಕೆ ಕೊಟ್ಟರು. 12 ಜನರೂ ಪಾಸಾದ್ರು. 1988ರಲ್ಲಿ ಇದರ ಮೇಲೆ 'ಸ್ಟ್ಯಾಂಡ್ ಅಂಡ್ ಡೆಲಿವರ್' ಅಂತ ಸಿನಿಮಾ ಬಂತು. ಚೆನ್ನಾಗಿದೆ, ನೋಡಿ. ಆದರೆ ಸಿನಿಮಾದ ಚಪ್ಪಾಳೆಯಲ್ಲಿ ಒಂದು ಮಾತು ಮುಚ್ಚಿಹೋಗುತ್ತೆ. ನಾನು ಕಾಪಿ ಹೊಡೆದಿಲ್ಲ ಅಂತ ತೋರಿಸೋಕೆ ಆ ಮಕ್ಕಳಿಗೆ ಇದ್ದ ದಾರಿ ಒಂದೇ, ಮತ್ತೊಂದು ಸಲ ಅದೇ ಬೆಂಕಿ ದಾಟೋದು.

ಈ ಮಾತನ್ನು ನೆನಪಿಟ್ಟುಕೊಂಡು ನಮ್ಮ ದೇಶಕ್ಕೆ ಬನ್ನಿ. 2015, ಮೇ 3. ಎಐಪಿಎಂಟಿ, ಅಂದ್ರೆ ನೀಟ್‌ಗೆ ಮುಂಚೆ ಇದ್ದ ಅಖಿಲ ಭಾರತ ವೈದ್ಯಕೀಯ ಪ್ರವೇಶ ಪರೀಕ್ಷೆ. ಬರೆದವರು ಸುಮಾರು 6.3 ಲಕ್ಷ. ಅದೇ ದಿನ ಹರಿಯಾಣದ ರೋಹ್ಟಕ್‌ನಲ್ಲಿ ಪೊಲೀಸರ ಕೈಗೆ ಕೆಲವರು ಸಿಕ್ಕಿಬಿದ್ರು. ಪ್ರಶ್ನೆಪತ್ರಿಕೆ ಹೊರಗೆ ಬಂದಿತ್ತು, ಹೊರಗೆ ಉತ್ತರ ಸಿದ್ಧವಾಗಿತ್ತು, ಆ ಉತ್ತರಗಳು ಫೋನ್ ಮೂಲಕ ಹಾಲ್ ಒಳಗಿದ್ದವರಿಗೆ ತಲುಪುತ್ತಿದ್ದವು. ಹುಡುಗರು ಹಾಕಿದ್ದ ಬನಿಯನ್‌ನಲ್ಲಿ ಸಿಮ್ ಇದ್ದ ಸಾಧನ ಹೊಲಿದಿತ್ತು, ಕಿವಿಯೊಳಗೆ ಕಾಣದಷ್ಟು ಚಿಕ್ಕ ಬ್ಲೂಟೂತ್. ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ನಡುವಿನ ಮೂರು ಗಂಟೆಯ ಅಂತರವೂ ಇಲ್ಲಿ ಬೇಕಾಗಲಿಲ್ಲ.

ತನಿಖೆಯಲ್ಲಿ ಲಾಭ ಪಡೆದವರು ಅಂತ ಗುರುತಿಸಿದ್ದು 44 ಜನರನ್ನು. ಅವರನ್ನಷ್ಟೇ ಹೊರಗಿಡಿ, 6.3 ಲಕ್ಷ ಜನರಿಗೆ ಮತ್ತೆ ಪರೀಕ್ಷೆ ಬೇಡ ಅಂತ ಸಿಬಿಎಸ್‌ಇ ಕೋರ್ಟಿನಲ್ಲಿ ವಾದಿಸಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಜೂನ್ 15ರಂದು ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ಜುಲೈ 25ಕ್ಕೆ ಮತ್ತೆ ಪರೀಕ್ಷೆ ನಡೆಯಿತು, ಅರ್ಧ ತೋಳಿನ ಅಂಗಿ, ಕಾಲಿಗೆ ಚಪ್ಪಲಿ, ಗೇಟಿನಲ್ಲಿ ತಪಾಸಣೆ. ಈಗ ನೀಟ್ ಗೇಟಿನಲ್ಲಿ ನೀವು ಕಿವಿಯೋಲೆ ಬಿಚ್ಚಿಕೊಡ್ತೀರಲ್ಲ, ಆ ಬಿಗಿ ಆವತ್ತಿನಿಂದ ಬಂದದ್ದು.

ಕೋರ್ಟ್ ಮಾಡಿದ್ದು ಸರಿ ಅಂತಲೇ ನನಗನ್ನಿಸುತ್ತೆ. ಸಿಕ್ಕಿಬಿದ್ದವರು 44, ಸಿಕ್ಕದೇ ಉಳಿದವರು ಎಷ್ಟು ಅಂತ ಯಾವ ಯಂತ್ರವೂ ಹೇಳೋಕಾಗಲ್ಲ. ಅಷ್ಟಾದರೂ, ಆ ವರ್ಷ ಮೊದಲ ಸಲ ಚೆನ್ನಾಗಿ ಬರೆದು ಎರಡನೇ ಸಲ ಕೈಕೊಟ್ಟಿದ್ದ ಹುಡುಗಿ ಒಬ್ಬಳಾದ್ರೂ ಎಲ್ಲೋ ಇದ್ದೇ ಇರ್ತಾಳಲ್ಲ, ಅವಳ ನೆನಪು ಬಂದಾಗ ನನ್ನ ಅಭಿಪ್ರಾಯ ಸ್ವಲ್ಪ ಅಲುಗಾಡುತ್ತೆ.

ಇಲ್ಲಿವರೆಗೆ ಹೇಳಿದ್ದೆಲ್ಲ ಉತ್ತರವನ್ನು ಒಳಗೆ ತರೋ ಕಥೆಗಳು. ಮುಂದಿನ ಹೆಜ್ಜೆ ಅದಕ್ಕಿಂತ ಸಲೀಸು. ಉತ್ತರ ಒಳಗೆ ತರೋದೇ ಬೇಡ, ಬಬಲ್ ಖಾಲಿ ಬಿಟ್ಟು ಬನ್ನಿ!

ನಮ್ಮದೇ ರಾಜ್ಯ. 2021ರ ಅಕ್ಟೋಬರ್ 3. 545 ಪಿಎಸ್‌ಐ ಹುದ್ದೆಗಳಿಗೆ ಲಿಖಿತ ಪರೀಕ್ಷೆ, ಬರೆದವರು 54 ಸಾವಿರಕ್ಕೂ ಹೆಚ್ಚು. ಎರಡನೇ ಪತ್ರಿಕೆ ಒಎಂಆರ್, 100 ಪ್ರಶ್ನೆ, 150 ಅಂಕ. ತಾತ್ಕಾಲಿಕ ಆಯ್ಕೆಪಟ್ಟಿ ಬಂದ ಮೇಲೆ ಕಲಬುರಗಿಯ ಒಂದು ಕೇಂದ್ರದಲ್ಲಿ ಬರೆದ ಅಭ್ಯರ್ಥಿಯೊಬ್ಬರ ಒಎಂಆರ್ ಕಾರ್ಬನ್ ಕಾಪಿ ಹೊರಗೆ ಬಂತು. ಅದರಲ್ಲಿ ಶೇಡ್ ಆಗಿದ್ದದ್ದು 21 ಪ್ರಶ್ನೆ. ಅವರಿಗೆ ಬಂದಿದ್ದ ಅಂಕ 121.

ಈ ಲೆಕ್ಕಕ್ಕೆ ಕ್ಯಾಲ್ಕ್ಯುಲೇಟರ್ ಬೇಕಾಗಿಲ್ಲ. ಪ್ರಶ್ನೆಗೆ ಒಂದೂವರೆ ಅಂಕ. 21 ಪ್ರಶ್ನೆಗೆ ಜಾಸ್ತಿ ಅಂದ್ರೆ ಮೂವತ್ತೊಂದೂವರೆ. ಉಳಿದಿದ್ದು ಎಲ್ಲಿಂದ ಬಂತು? ಹಾಳೆ ಅಭ್ಯರ್ಥಿಯ ಕೈಬಿಟ್ಟ ಮೇಲೆ ಬೇರೆ ಕೈಗಳು ಬಬಲ್ ತುಂಬಿದ್ದವು ಅನ್ನೋದು ಸಿಐಡಿ ತನಿಖೆಯ ಆರೋಪ. 2022ರ ಏಪ್ರಿಲ್ 29ಕ್ಕೆ ಸರ್ಕಾರ ಪರೀಕ್ಷೆ ರದ್ದು ಮಾಡಿತು. ಜುಲೈನಲ್ಲಿ ನೇಮಕಾತಿಯ ಹೊಣೆ ಹೊತ್ತಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯ ಬಂಧನವಾಯ್ತು. ಕಳ್ಳರನ್ನು ಹಿಡಿಯೋ ಇಲಾಖೆಗೆ ಆಳು ತಗೊಳ್ಳೋ ಪರೀಕ್ಷೆ ಅದು, ಮರೀಬೇಡಿ.

ಈ ಯಂತ್ರದ ದೃಷ್ಟಿಯಿಂದ ನೋಡಿದ್ರೆ ಆ ಶೀಟು ನಿಷ್ಕಳಂಕ. ಒಂದು ಪ್ರಶ್ನೆಗೆ ಒಂದೇ ಗುರುತು, ಪಟ್ಟಿಯ ಮೇಲೆ ಗೀಚಿಲ್ಲ, ಮೇಣ ಸವರಿಲ್ಲ. ಒಂದು ಕಾಲಕ್ಕೆ ಪೆನ್ಸಿಲ್ ಕಡ್ಡಾಯ ಇತ್ತು, ಯಂತ್ರಕ್ಕೆ ಬೇಕು ಅಂತ. ಪೆನ್ಸಿಲ್ ಗುರುತನ್ನು ಆಮೇಲೆ ಯಾರು ಬೇಕಾದ್ರೂ ಅಳಿಸಿ ತಿದ್ದಬಹುದು. ಬಾಲ್‌ಪಾಯಿಂಟ್ ಪೆನ್ನಿನ ಗುರುತನ್ನು ಹಾಗೆ ಅಳಿಸೋಕಾಗಲ್ಲ. ಆದರೆ ಖಾಲಿ ಬಿಟ್ಟ ಬಬಲ್‌ನಿಂದ ಪೆನ್ನು ಕೂಡ ಕಾಪಾಡಲ್ಲ. 2024ರ ನೀಟ್‌ನಲ್ಲೂ ಗುಜರಾತಿನ ಗೋಧ್ರಾದಲ್ಲಿ ಪೊಲೀಸರು ದಾಖಲಿಸಿದ ದೂರು ಇಂಥದ್ದೇ, ಉತ್ತರ ಗೊತ್ತಿಲ್ಲದ್ದನ್ನು ಖಾಲಿ ಬಿಡಿ, ಆಮೇಲೆ ನಾವು ತುಂಬ್ತೀವಿ ಅಂತ ಹಣದ ಮಾತಾಗಿತ್ತು ಅನ್ನೋದು. ಅದೇ ವರ್ಷ ಜೂನ್ 21ರಿಂದ ಜಾರಿಗೆ ಬಂದ ಕೇಂದ್ರದ ಹೊಸ ಕಾಯ್ದೆಯಲ್ಲಿ ಒಎಂಆರ್ ಶೀಟ್ ತಿದ್ದೋದನ್ನ ಹೆಸರಿಟ್ಟು ಅಪರಾಧ ಅಂತ ಬರೆದಿದ್ದಾರೆ. ಸಂಘಟಿತವಾಗಿ ಮಾಡಿದ್ರೆ ಐದರಿಂದ ಹತ್ತು ವರ್ಷ ಜೈಲು, ಕನಿಷ್ಠ ಒಂದು ಕೋಟಿ ರೂಪಾಯಿ ದಂಡ. ಪಕ್ಕದವನ ಶೀಟಿಗೆ ಇಣುಕೋ ಹುಡುಗ ಆ ಕಾಯ್ದೆಯ ಗುರಿ ಅಲ್ಲವೇ ಅಲ್ಲ. ಅವನನ್ನು ಪರೀಕ್ಷಾ ಮಂಡಳಿಯ ನಿಯಮಗಳಿಗೇ ಬಿಟ್ಟಿದ್ದಾರೆ. ಲಿಪ್ ಬಾಮ್‌ನ ಕಾಲದಿಂದ ನಾವು ಎಷ್ಟು ದೂರ ಬಂದಿದ್ದೀವಿ ಅಂತ ಇದರಲ್ಲೇ ಗೊತ್ತಾಗುತ್ತೆ.

ಪಿಎಸ್‌ಐ ಮರುಪರೀಕ್ಷೆ ಆಗಿದ್ದು 2024ರ ಜನವರಿ 23ರಂದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿತು. ಎರಡು ಪರೀಕ್ಷೆಗಳ ನಡುವೆ ಎರಡು ವರ್ಷ ಮೂರು ತಿಂಗಳು. ಮೊದಲ ಪಟ್ಟಿಯಲ್ಲಿ ಹೆಸರಿದ್ದ, ಯಾವ ತಪ್ಪೂ ಮಾಡದ ಎಷ್ಟೋ ಜನ ಬೀದಿಗಿಳಿದು, ಕೋರ್ಟು ಅಲೆದು, ಕೊನೆಗೆ ಮತ್ತೆ ಪುಸ್ತಕ ಹಿಡಿದರು. ಗಾರ್ಫೀಲ್ಡ್ ಮಕ್ಕಳ ಥರವೇ. ವ್ಯತ್ಯಾಸ ಏನಂದ್ರೆ, ಆ ಮಕ್ಕಳು ಕಾದದ್ದು ಒಂದು ಬೇಸಿಗೆ.

ನನ್ನ ಸ್ನೇಹಿತನೊಬ್ಬ ಎರಡೂ ಸಲ ಬರೆದ. ಎರಡೂ ಸಲ ಆಗಲಿಲ್ಲ, ಈಗ ಊರಲ್ಲಿ ಅಪ್ಪನ ಅಂಗಡಿ ನೋಡಿಕೊಳ್ತಾನೆ. ಈ ಸಂಚಿಕೆಗೆ ಅಂತ ಹೋದ ವಾರ ಫೋನ್ ಮಾಡಿದ್ದೆ. 2021ರ ಒಎಂಆರ್ ಕಾರ್ಬನ್ ಕಾಪಿ ಇನ್ನೂ ಇದೆಯೇನೋ ಅಂತ ಕೇಳಿದೆ. ತಡಿ ಅಂದ. ಬೀರು ಬಾಗಿಲು ತೆಗೆದ ಸದ್ದು ಕೇಳಿಸ್ತು. ಮಾರ್ಕ್ಸ್ ಕಾರ್ಡುಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾನಂತೆ. ಗುರುತುಗಳು ಅರ್ಧಕ್ಕರ್ಧ ಮಾಸಿವೆ, ಆದ್ರೂ ಎಣಿಸಬಹುದು ಅಂದ. ಎಣಿಸಿದ. ತೊಂಬತ್ನಾಲ್ಕು ಬಬಲ್. "ಆರು ನನಗೆ ಗೊತ್ತಿರಲಿಲ್ಲ ಕಣೋ, ಬಿಟ್ಟಿದ್ದೆ" ಅಂದ.